ಮನೆ ಹೊಸದಾಗಲಿ, ಹೊಗೆಗೂ ದಾರಿ ಇರಲಿ

ಕೆಲವು ವರ್ಷಗಳ ಹಿಂದಿನ ಮಾತು. ತೆಲಸಂಗದ ನನ್ನ ದವಾಖಾನೆಗೆ ಒಂದು ನಸುಕಿನಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು ಹೊತ್ತು ತಂದರು. ಮೈಮೇಲೆ ಒಂದು ಬೊಬ್ಬೆಯೂ ಇರಲಿಲ್ಲ. ಆದರೆ ಮೂಗಿನ ಹೊಳ್ಳೆಗಳಲ್ಲಿ ಮಸಿ ಇತ್ತು. ತಲೆನೋವು, ವಾಂತಿ, ಮಗನ ಗುರುತೂ ಸಿಗುತ್ತಿರಲಿಲ್ಲ. ಬೆರಳಿಗೆ ಹಾಕಿದ ಆಕ್ಸಿಮೀಟರ್ ಮಾತ್ರ 98 ತೋರಿಸುತ್ತಿತ್ತು. "ಸುಟ್ಟಿಲ್ಲಲ್ರೀ ಡಾಕ್ಟರ, ಮನಿಗೆ ಕರಕೊಂಡು ಹೋಗ್ತೀವ್ರಿ" ಎಂದ ಮಗ. ನಾನು ಬಿಡಲಿಲ್ಲ. ಆಮ್ಲಜನಕ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಅಜ್ಜಿ ಬದುಕಿದರು.

ಆ ಮನೆಯವರು ಎರಡು ತಿಂಗಳ ಹಿಂದಷ್ಟೇ ತಮ್ಮ ಹಳೆಯ ಮಾಳಿಗೆ ಮನೆಯನ್ನು ಹೊಸದಾಗಿ ಮಾಡಿಸಿದ್ದರು. ಮಣ್ಣಿನ ಮಾಳಿಗೆ ಹೋಗಿ ಸ್ಲ್ಯಾಬ್ ಬಂತು. ಅದರ ಕೆಳಗೆ ಅಂದಕ್ಕೆ ಥರ್ಮಾಕೋಲ್ ಹೊದಿಕೆ. ಬೆಳಕಿಂಡಿ ಮುಚ್ಚಿತು. ಕಳ್ಳರ ಭಯಕ್ಕೆ ಕಿಟಕಿಗಳಿಗೆಲ್ಲ ಗ್ರಿಲ್ ಬಂತು. ಹಿತ್ತಲ ಬಾಗಿಲಿದ್ದ ಜಾಗದಲ್ಲಿ ಬಚ್ಚಲು ಎದ್ದಿತು. ವೈರಿಂಗ್ ಮಾತ್ರ ಹಳೆಯದೇ ಉಳಿಯಿತು. ಅದಕ್ಕೇ ಹೊಸ ಫ್ರಿಜ್, ಗೀಸರ್ ಜೋಡಿಸಿದರು. ಒಂದು ರಾತ್ರಿ ಹೊದಿಕೆಯೊಳಗೆ ತಂತಿ ಕಾದು ಥರ್ಮಾಕೋಲ್ ಹತ್ತಿಕೊಂಡಿತು. ಬೆಂಕಿ ಸಣ್ಣದೇ. ಆದರೆ ಹೊಗೆ ಹೋಗಲು ದಾರಿಯೇ ಇರಲಿಲ್ಲ.

ಕೊಲ್ಲುವುದು ಹೊಗೆ

ಬೆಂಕಿ ಎಂದರೆ ಸುಟ್ಟಗಾಯ ಎಂದೇ ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಮುಚ್ಚಿದ ಕೋಣೆಯಲ್ಲಿ ಜ್ವಾಲೆಗಿಂತ ಮೊದಲು ಹೊಗೆ ಕೊಲ್ಲುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ನಿದ್ರೆಯಲ್ಲಿದ್ದವರು ಏಳುವುದೇ ಇಲ್ಲ. ಸಾಮಾನ್ಯ ಆಕ್ಸಿಮೀಟರ್ ಈ ಅನಿಲವನ್ನೂ ಆಮ್ಲಜನಕವೆಂದೇ ಎಣಿಸುವುದರಿಂದ ಅದರ ಅಂಕಿಯನ್ನು ನಂಬುವಂತಿಲ್ಲ.

2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ಹೊಗೆ ತಾಳಲಾರದೆ ಮೇಲಿನಿಂದ ಜಿಗಿದವರೂ ಅವರಲ್ಲಿದ್ದರು. ಅದು ದೊಡ್ಡ ಊರಿನ ಎತ್ತರದ ಕಟ್ಟಡ ನಿಜ. ಆದರೆ ಹೊರದಾರಿ ಇಲ್ಲದಿದ್ದರೆ ನಮ್ಮ ಎರಡು ಕೋಣೆಯ ಮನೆಯೂ ಹಾಗೆಯೇ.

ನಿಯಮ ಏನು ಹೇಳುತ್ತದೆ?

1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಹಳ್ಳಿಯಲ್ಲಿ ಮನೆ ಕಟ್ಟಲು ಅಥವಾ ಇದ್ದ ಮನೆಗೆ ಹೊಸ ಭಾಗ ಸೇರಿಸಲು ಗ್ರಾಮ ಪಂಚಾಯಿತಿಯ ಅನುಮತಿ ಬೇಕು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗ ಪೂರ್ತಿ ಬೆಂಕಿ ಮತ್ತು ಜೀವರಕ್ಷಣೆಗೇ ಮೀಸಲು. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಮುಖ್ಯವಾಗಿ ಎತ್ತರದ ಕಟ್ಟಡಗಳ ಮಾತು. ಹಾಗೆಂದು ಸಣ್ಣ ಮನೆಯವರು "ನಮ್ಮನ್ನು ಯಾರು ಕೇಳುತ್ತಾರೆ?" ಎಂದು ಸುಮ್ಮನಿರಬಾರದು. ಅಧಿಕಾರಿ ಕೇಳದಿದ್ದರೂ ಹೊಗೆ ಕೇಳುತ್ತದೆ. ಅಥಣಿಯಿಂದ ಬೆಂಕಿ ನಂದಿಸುವ ಗಾಡಿ ಬರುವವರೆಗೆ ಅದು ಕಾಯುವುದಿಲ್ಲ.

ಗೌಂಡಿ ಕೆಲಸ ಶುರುಮಾಡುವ ಮೊದಲು ಈ ಸಂಗತಿಗಳನ್ನು ಗಮನಿಸಿ:

1. ಮನೆಗೆ ಎರಡು ಹೊರದಾರಿ ಇರಲಿ. ಹಿತ್ತಲ ಬಾಗಿಲನ್ನು ಮುಚ್ಚಬೇಡಿ. ಮಲಗುವ ಪ್ರತಿ ಕೋಣೆಯ ಒಂದು ಗ್ರಿಲ್ಲಾದರೂ ಒಳಗಿನಿಂದ ತೆರೆಯುವಂತಿರಲಿ. ಬೀಗ ಹಾಕಿದರೆ ಕೀಲಿ ಎಲ್ಲಿದೆಯೆಂದು ಮಕ್ಕಳಿಗೂ ಗೊತ್ತಿರಲಿ.

2. ಬೆಳಕಿಂಡಿ ಮುಚ್ಚುವುದಾದರೆ ಗೋಡೆಯ ಮೇಲ್ಭಾಗದಲ್ಲಿ ಗಾಳಿಕಿಂಡಿ ಬಿಡಿಸಿ. ಅಡುಗೆಮನೆಗೆ ಬಯಲಿಗೆ ತೆರೆಯುವ ಕನಿಷ್ಠ 1 ಚದರ ಮೀಟರ್ ಕಿಟಕಿ ಇರಬೇಕೆಂದು ಸಂಹಿತೆಯೇ ಹೇಳುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡುತ್ತದೆ. ಆದ್ದರಿಂದ ನೆಲಮಟ್ಟದಲ್ಲೂ ಒಂದು ಕಿಂಡಿ ಬೇಕು.

3. ಬಣ್ಣಕ್ಕಿಂತ ಮೊದಲು ವೈರಿಂಗ್ ಬದಲಿಸಿ. ಪರವಾನಗಿ ಇದ್ದವರಿಂದಲೇ ಮಾಡಿಸಿ, ಐಎಸ್‌ಐ ಗುರುತಿನ ತಂತಿ ಬಳಸಿ. ಗೀಸರ್‌ಗೆ ಪ್ರತ್ಯೇಕ ದಪ್ಪ ತಂತಿ ಇರಲಿ. ಎಂಸಿಬಿ ಪದೇಪದೇ ಬೀಳುತ್ತದೆಂದು ದೊಡ್ಡದನ್ನು ಹಾಕಿಸಬೇಡಿ. ಅದು ಬೀಳುವುದೇ ನಿಮ್ಮನ್ನು ಉಳಿಸಲು. ಹೆಸ್ಕಾಂನಲ್ಲಿ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಿ.

4. ಥರ್ಮಾಕೋಲ್, ಪ್ಲಾಸ್ಟಿಕ್ ಹೊದಿಕೆ ಬೇಡ. ಕಣಿಕೆಯ ಬಣವೆ, ಕಟ್ಟಿಗೆ, ಪೇಂಟ್ ಮತ್ತು ಥಿನ್ನರ್ ಡಬ್ಬಿಗಳು ಮನೆಯಿಂದ ದೂರವಿರಲಿ.

5. ಬ್ಯಾಟರಿಯಿಂದ ನಡೆಯುವ ಹೊಗೆ ಎಚ್ಚರಿಕೆ ಗಂಟೆಯೊಂದನ್ನು ಮಲಗುವ ಕೋಣೆಯ ಹೊರಗೆ ಹಾಕಿಸಿ.

ಬೆಂಕಿ ಬಿದ್ದರೆ

ಸಾಮಾನು ಉಳಿಸಲು ಹೋಗಬೇಡಿ. ಹೊಗೆ ಮೇಲೇರುತ್ತದೆ, ತಗ್ಗಿ, ತೆವಳಿ ಹೊರಬನ್ನಿ. ಬರುವಾಗ ಬಾಗಿಲು ಎಳೆದುಕೊಳ್ಳಿ. 101 ಅಥವಾ 112ಕ್ಕೆ, ಆಂಬುಲೆನ್ಸಿಗೆ 108ಕ್ಕೆ ಫೋನ್ ಮಾಡಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಬಾಗಿಲು, ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ತಿಳಿಸಿ.

ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಸಿ. ಟೂತ್‌ಪೇಸ್ಟ್, ಶಾಯಿ, ತುಪ್ಪ, ಅರಿಶಿನ ಯಾವುದನ್ನೂ ಹಚ್ಚಬೇಡಿ. ಹೊಗೆ ಕುಡಿದವರ ಮೈಮೇಲೆ ಗಾಯವಿಲ್ಲದಿದ್ದರೂ ಆಸ್ಪತ್ರೆಗೆ ಕರೆತನ್ನಿ. ತಲೆನೋವು, ಮಂಕು, ದನಿ ಒಡೆಯುವುದು, ಕಫದಲ್ಲಿ ಮಸಿ ಇವು ಅಪಾಯದ ಚಿಹ್ನೆಗಳು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೇನು ಫಲ? ಆ ಅಜ್ಜಿಯ ಮಗ ಬಚ್ಚಲು ಒಡೆಸಿ ಹಿತ್ತಲ ಬಾಗಿಲನ್ನು ಮತ್ತೆ ತೆಗೆಸಿದ. ಎರಡು ಸಲ ಖರ್ಚಾಯಿತು. ನೀವು ಮೊದಲ ಸಲವೇ ಬಾಗಿಲನ್ನು ಉಳಿಸಿಕೊಳ್ಳಿ. ಇಂದು ರಾತ್ರಿ ಮಲಗುವ ಮುನ್ನ ಮನೆಯವರನ್ನೆಲ್ಲ ಕೂಡಿಸಿ ಒಂದೇ ಪ್ರಶ್ನೆ ಕೇಳಿ: "ಮುಂಬಾಗಿಲಿಗೇ ಬೆಂಕಿ ಹತ್ತಿದರೆ ನಾವು ಎಲ್ಲಿಂದ ಹೊರಗೆ ಹೋಗುತ್ತೇವೆ?"