ಬಿಡುವಿನ ಹವ್ಯಾಸದಿಂದ ಉದ್ಯಮದೆಡೆಗೆ

ಬೆಂಗಳೂರಿನ ಪೂರ್ವ ಭಾಗಕ್ಕೆ ಯಂತ್ರಗಳ ಒಡನಾಟ ಹೊಸದಲ್ಲ. 1940ರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್, 1948ರಲ್ಲಿ ಕೆ.ಆರ್. ಪುರದ ಬಳಿಯ ದೂರವಾಣಿನಗರದಲ್ಲಿ ಐ.ಟಿ.ಐ. ಸ್ಥಾಪನೆಗೊಂಡವು. ಮೆಟ್ರೊ ಬಂದ ನಂತರ ಹಲಸೂರು ನಿಲ್ದಾಣದ ಕೆಳಗೆ ಆರಂಭವಾದ ‘ವರ್ಕ್‌ಬೆಂಚ್ ಪ್ರಾಜೆಕ್ಟ್ಸ್’ ಕಾರ್ಯಾಗಾರವು ಸ್ವಂತ ಸಲಕರಣೆಗಳಿಲ್ಲದ ಹವ್ಯಾಸಿಗಳಿಗೂ ಅವಕಾಶ ಕಲ್ಪಿಸಿತು. ಹಗಲು ನೌಕರಿ, ಸಂಜೆ ಸ್ವಂತ ಪ್ರಯೋಗ ಎಂಬ ದಿನಚರಿಯವರು ಗಮನಿಸಬೇಕಾದ ಅಂಶಗಳು ಮೂರು.

ನೇಮಕಾತಿ ಒಪ್ಪಂದ: ನೌಕರನ ಆವಿಷ್ಕಾರ ಯಾರಿಗೆ ಸೇರಬೇಕೆಂಬ ಬಗ್ಗೆ 1970ರ ಪೇಟೆಂಟ್ ಕಾಯ್ದೆಯಲ್ಲಿ ಪ್ರತ್ಯೇಕ ವಿಧಿಯಿಲ್ಲ. ಆದುದರಿಂದ ಒಪ್ಪಂದದ ಷರತ್ತಿಗೇ ಹೆಚ್ಚಿನ ಮಹತ್ವ. ಬಿಡುವಿನ ವೇಳೆಯ ಕೆಲಸವನ್ನೂ ಒಳಗೊಳ್ಳುವ ಷರತ್ತುಗಳುಂಟು. ಕಚೇರಿಯ ಗಣಕಯಂತ್ರ, ಬಿಡಿಭಾಗ, ಸಮಯಗಳನ್ನು ಬಳಸದೆ, ಸಂಸ್ಥೆಯ ಲಿಖಿತ ಅನುಮತಿ ಪಡೆಯುವುದು ಕ್ಷೇಮ.

ಗೋಪ್ಯತೆ: ಅರ್ಜಿಗೆ ಮುನ್ನವೇ ಸಾಧನವನ್ನು ಬಹಿರಂಗಪಡಿಸಿದರೆ ಪೇಟೆಂಟಿಗೆ ಅಗತ್ಯವಾದ ಹೊಸತನಕ್ಕೆ ಧಕ್ಕೆ ಬರುತ್ತದೆ. ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಿದರೆ ಪೂರ್ಣ ವಿವರಣೆಗೆ 12 ತಿಂಗಳ ಕಾಲಾವಕಾಶ ದೊರೆಯುತ್ತದೆ. ನೌಕರಿ ಬಿಡದೆಯೇ ಮಾದರಿಯನ್ನು ಪರೀಕ್ಷಿಸಿಕೊಳ್ಳಲು ಈ ಅವಧಿ ಉಪಯುಕ್ತ.

ನೋಂದಣಿ: 2020ರ ಜುಲೈ 1ರಿಂದ ಜಾರಿಯಲ್ಲಿರುವ ‘ಉದ್ಯಮ್’ ನೋಂದಣಿಗೆ ಶುಲ್ಕವಿಲ್ಲ. ರಾಜ್ಯದೊಳಗೆ ಮಾತ್ರ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂ. ಮೀರದಿದ್ದಲ್ಲಿ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಕಡ್ಡಾಯವಲ್ಲ, ಹೊರರಾಜ್ಯಕ್ಕೆ ಸರಕು ಮಾರುವವರಿಗೆ ಈ ವಿನಾಯಿತಿ ಸಾಮಾನ್ಯವಾಗಿ ಅನ್ವಯಿಸದು.

ಹೊಸ ಉದ್ಯಮಿಗೆ ಮಾಸಿಕ ವೇತನವೇ ಬಡ್ಡಿಯಿಲ್ಲದ ಮೂಲಬಂಡವಾಳ. ಮೆಚ್ಚುಗೆಯ ಮಾತುಗಳನ್ನಲ್ಲ, ಹಣ ತೆತ್ತು ಮರಳಿ ಬರುವ ಗ್ರಾಹಕರನ್ನು ಎಣಿಸಿ ರಾಜೀನಾಮೆಯ ನಿರ್ಧಾರ ಕೈಗೊಳ್ಳುವುದು ವಿವೇಕ.