ನಕ್ಷೆಯ ಪ್ರತಿಯೂ ಕಂಬದ ನೆಲೆಯೂ

ಗುಂಡ್ಲುಪೇಟೆಯ ನಮ್ಮ ಮನೆಗೆ ಮಹಡಿಯನ್ನು ಕಟ್ಟಿಸಬೇಕೆಂದು ಚಾಮರಾಜನಗರದಲ್ಲಿ ನಕ್ಷೆ ಬರೆಯಿಸಿದೆವು. ಈಗ ಅದಕ್ಕೆ ಕಾಗದವೂ ಸೀಸದ ಕಡ್ಡಿಯೂ ಬೇಡ. ಅಮೆರಿಕದ ಆಟೋಡೆಸ್ಕ್ ಸಂಸ್ಥೆಯವರು 1982ರಲ್ಲಿ ಹೊರತಂದ ಆಟೋಕ್ಯಾಡ್ ಇರುವುದು. ಕೆಳಮನೆಯ ಕಂಬಗಳನ್ನು ಪ್ರತಿ ತೆಗೆದು ಮಹಡಿಯ ನಕ್ಷೆಯಲ್ಲಿ ಅಂಟಿಸಿದ್ದರು. ನೋಡಲು ಅಂದವಾಗಿಯೇ ಇದ್ದಿತು. ಮೇಸ್ತ್ರಿಯು ಮಾತ್ರ ಗೋಡೆಯಂಚಿನಿಂದ ಟೇಪು ಹಿಡಿದು ಅಳೆದು, "ಮೇಷ್ಟ್ರೇ, ಮೇಲಿನ ಕಂಬ ಕೆಳಗಿನ ಕಂಬದ ಮೇಲೆ ಕೂರಲ್ಲ, ಗೇಣು ಆಚೆಗದೆ" ಎಂದನು. ಹಾಗೆಯೇ ಕಟ್ಟಿದ್ದರೆ ಮಹಡಿಯ ಭಾರವು ಕಂಬದಿಂದ ಕಂಬಕ್ಕೆ ಇಳಿಯದೆ, ಅದಕ್ಕೆಂದು ಮಾಡದ ತೊಲೆಯ ಮೇಲೆ ಬೀಳುತ್ತಿದ್ದಿತು.

ದೋಷವು ಪ್ರತಿ ತೆಗೆದ ಕ್ರಮದಲ್ಲಿದ್ದಿತು. ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒತ್ತಿದರೆ ಆರಿಸಿದ ರೇಖೆಗಳು ಕ್ಲಿಪ್‌ಬೋರ್ಡ್ ಎಂಬ ತಾತ್ಕಾಲಿಕ ಸಂಗ್ರಹವನ್ನು ಸೇರುವುವು. ಅಂಟಿಸುವಾಗ ಅವುಗಳ ಕೆಳಗಣ ಎಡಮೂಲೆಯೇ ಹಿಡಿಕೆ. ಕಣ್ಣಂದಾಜಿನಲ್ಲಿ ಇಟ್ಟರೆ ಸ್ಥಾನಭ್ರಂಶವು ತಪ್ಪದು. ತಾಳೆಗರಿಯ ಲಿಪಿಕಾರನು ಒಂದಕ್ಷರ ಬಿಟ್ಟರೆ ಪಂಡಿತರು ಊಹಿಸಿಕೊಂಡಾರು, ಕಾಂಕ್ರೀಟು ಊಹಿಸಲಾರದು.

ಅವೆರಡರೊಡನೆ ಶಿಫ್ಟನ್ನೂ ಒತ್ತಿದರೆ ಆಧಾರಬಿಂದುವನ್ನು ನಾವೇ ಗೊತ್ತುಮಾಡಬಹುದು. ಮೂಲೆಯ ಕಂಬದ ನಡುವನ್ನು ಹಿಡಿದು, ಮಹಡಿಯ ನಕ್ಷೆಯಲ್ಲಿಯೂ ಆ ನಡುವು ಬರತಕ್ಕಲ್ಲಿಯೇ ಇಳಿಸತಕ್ಕದ್ದು. ನಕ್ಷೆಗಳು ಬೇರೆ ಬೇರೆ ಕಡತಗಳಲ್ಲಿದ್ದರೆ 'ಪೇಸ್ಟ್ ಟು ಒರಿಜಿನಲ್ ಕೋಆರ್ಡಿನೇಟ್ಸ್' ಎಂಬ ಆಜ್ಞೆಯು ಇನ್ನೂ ಸುಗಮ; ಪ್ರತಿಯು ಮೂಲದ ಸ್ಥಾನಾಂಕಗಳಲ್ಲಿಯೇ ಕೂಡುವುದು. ಎರಡು ಕಡತಗಳಲ್ಲಿಯೂ ಮನೆಯನ್ನು ಒಂದೇ ಮೂಲಬಿಂದುವಿನಿಂದ ಬರೆದಿರಬೇಕು, ಅಷ್ಟೆ. ಕಂಟ್ರೋಲ್, ಶಿಫ್ಟ್, ವಿ ಒತ್ತಿದರೆ ಕಂಬಗಳೆಲ್ಲವೂ ಒಂದೇ ಗಂಟಾಗಿ ಬರುವುವು. ಒಂದು ಜರುಗಿ ಮತ್ತೊಂದು ಉಳಿಯದು.

ತಿದ್ದಿದ ನಕ್ಷೆಯು ಎರಡು ದಿನಗಳಲ್ಲಿ ಬಂದಿತು. ಮೇಸ್ತ್ರಿಯು ಅದನ್ನೂ ಟೇಪು ಹಿಡಿದೇ ನೋಡಿದನು.