ಕೇಳದೆ ಕ್ಲಿಕ್ಕಿಸುವ ಕಣ್ಣುಗಳು

ಮದುವೆ ಮಂಟಪದಲ್ಲಿ ಫೋಟೋಗ್ರಾಫರ್ ಕ್ಯಾಮೆರಾ ಎತ್ತಿದ ಕೂಡಲೇ ನಾವು ಸೆರಗು ಸರಿಪಡಿಸಿಕೊಳ್ಳುತ್ತೇವೆ, ಮಕ್ಕಳನ್ನು ಹತ್ತಿರ ಎಳೆದುಕೊಳ್ಳುತ್ತೇವೆ, ಬೇಡವೆನಿಸಿದರೆ ಮುಖ ತಿರುಗಿಸುತ್ತೇವೆ. ಅವರ ಎತ್ತಿದ ಕೈಯೇ ನಮಗೆ ಸಿಗುವ ಸೂಚನೆ. ಆದರೆ ಕ್ಯಾಮೆರಾ ಪೆನ್ನಿನೊಳಗೆ, ಕೈಗಡಿಯಾರದೊಳಗೆ, ಮೊಬೈಲ್ ಚಾರ್ಜರಿನೊಳಗೆ ಅಥವಾ ಎದುರಿಗಿರುವವರ ಕನ್ನಡಕದಲ್ಲೇ ಕುಳಿತಿದ್ದರೆ? ಇಂಥ ವಸ್ತುಗಳೆಲ್ಲ ಇಂದು ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಸುಲಭವಾಗಿ ಸಿಗುತ್ತವೆ. ಆಟಿಕೆಯಂತೆ ಕಾಣುವ ಇವು ನಮ್ಮಿಂದ ಕಸಿದುಕೊಳ್ಳುವುದು 'ಬೇಡ' ಎಂದು ಹೇಳುವ ಅವಕಾಶವನ್ನು.

ಅಂಗಿಯ ಗುಂಡಿಯಿಂದ ಆರಂಭ

ಈ ಚಪಲ ಹೊಸತೇನೂ ಅಲ್ಲ. 1880ರ ದಶಕದಲ್ಲೇ ವೇಸ್ಟ್‌ಕೋಟಿನ ಒಳಗೆ ಕಟ್ಟಿಕೊಳ್ಳುವ ತಟ್ಟೆಯಾಕಾರದ 'ಸ್ಟಿರ್ನ್' ಕ್ಯಾಮೆರಾ ಮಾರಾಟಕ್ಕೆ ಬಂದಿತ್ತು. ಅದರ ಮಸೂರ ಗುಂಡಿಯ ತೂತಿನಿಂದ ಇಣುಕುತ್ತಿತ್ತು; ಒಂದು ಗಾಜಿನ ತಟ್ಟೆಯಲ್ಲಿ 6 ಚಿತ್ರ. ನಾರ್ವೆಯ ಕಾರ್ಲ್ ಸ್ಟೋರ್ಮರ್ ಎಂಬ ವಿದ್ಯಾರ್ಥಿ 1890ರ ದಶಕದಲ್ಲಿ ಇದನ್ನು ಧರಿಸಿ ಇಂದಿನ ಓಸ್ಲೋ ನಗರದ ಬೀದಿಗಳಲ್ಲಿ ಓಡಾಡಿ, ನಾಟಕಕಾರ ಇಬ್ಸೆನ್ ಸೇರಿದಂತೆ ಅನೇಕರ ಚಿತ್ರವನ್ನು ಗುಟ್ಟಾಗಿ ತೆಗೆದ. ಮುಂದೆ ಆತ ಹೆಸರಾಂತ ಗಣಿತಜ್ಞನಾದ.

1888ರಲ್ಲಿ ಜಾರ್ಜ್ ಈಸ್ಟ್‌ಮನ್ ತಂದ ಕೊಡಕ್ ಕ್ಯಾಮೆರಾದಿಂದ 100 ಚಿತ್ರ ತೆಗೆಯಬಹುದಾಗಿತ್ತು. ಅಲ್ಲಿಯವರೆಗೆ ಚಿತ್ರ ಬೇಕಾದವರು ಸ್ಟುಡಿಯೋಗೆ ಹೋಗಿ ಅಲ್ಲಾಡದೆ ಕುಳಿತುಕೊಳ್ಳುವುದೇ ಹೆಚ್ಚು. ಹಾಗೆ ಕುಳಿತುಕೊಳ್ಳುವುದೇ ಒಪ್ಪಿಗೆಯಾಗಿತ್ತು. ಕ್ಷಣಾರ್ಧದಲ್ಲಿ ತೆಗೆಯುವ ಚಿತ್ರ ಬಂದಾಗ ಆ ಒಪ್ಪಿಗೆ ಕೈಬಿಟ್ಟುಹೋಯಿತು. 1890ರಲ್ಲಿ ಅಮೆರಿಕದ ಇಬ್ಬರು ವಕೀಲರಾದ ಸ್ಯಾಮ್ಯುಯೆಲ್ ವಾರನ್ ಮತ್ತು ಲೂಯಿ ಬ್ರಾಂಡೈಸ್ 'ಹಾರ್ವರ್ಡ್ ಲಾ ರಿವ್ಯೂ' ಪತ್ರಿಕೆಯಲ್ಲಿ ಖಾಸಗಿತನದ ಹಕ್ಕಿನ ಬಗ್ಗೆ ಪ್ರಸಿದ್ಧ ಲೇಖನ ಬರೆದರು. ಅವರ ಕಳವಳದ ಕಾರಣಗಳಲ್ಲಿ ಇಂಥ ದಿಢೀರ್ ಚಿತ್ರಗಳೂ ಒಂದು.

ಸದ್ದು, ದೀಪ, ಸೂಚನೆ

2000ದಲ್ಲಿ ಜಪಾನಿನಲ್ಲಿ ಶಾರ್ಪ್ ಕಂಪನಿಯ ಕ್ಯಾಮೆರಾ ಫೋನ್ ಬಂತು. ಕದ್ದು ಚಿತ್ರ ತೆಗೆಯುವ ಹಾವಳಿಗೆ ಹೆದರಿ, ಅಲ್ಲಿನ ತಯಾರಕರು ಚಿತ್ರ ತೆಗೆಯುವಾಗ ಫೋನು ಸದ್ದು ಮಾಡಲೇಬೇಕೆಂಬ ಪದ್ಧತಿ ತಂದರು. ದಕ್ಷಿಣ ಕೊರಿಯಾ 2004ರಲ್ಲಿ ಆ ಸದ್ದು 60ರಿಂದ 68 ಡೆಸಿಬೆಲ್ ಇರಬೇಕೆಂದು ಮಾನದಂಡ ರೂಪಿಸಿತು.

ಕನ್ನಡಕದ ಕಥೆ ಇನ್ನೂ ಸೂಕ್ಷ್ಮ. 2013ರಲ್ಲಿ 1,500 ಡಾಲರಿಗೆ ದೊರೆತ ಗೂಗಲ್ ಗ್ಲಾಸ್ ಧರಿಸಿದವರನ್ನು ಜನ ಅನುಮಾನದಿಂದ ನೋಡಿದರು. ಅಮೆರಿಕದ ಕೆಲವು ಬಾರುಗಳು ಅದನ್ನು ಒಳಗೆ ಬಿಡಲಿಲ್ಲ. 2015ರಲ್ಲಿ ಸಾಮಾನ್ಯ ಗ್ರಾಹಕರಿಗೆ ಅದರ ಮಾರಾಟ ನಿಂತಿತು. 2021ರಲ್ಲಿ ಫೇಸ್‌ಬುಕ್ ಕಂಪನಿ ರೇ-ಬ್ಯಾನ್ ಜೊತೆಗೂಡಿ ಮತ್ತೆ ಕ್ಯಾಮೆರಾ ಕನ್ನಡಕ ತಂದಾಗ, ಚಿತ್ರೀಕರಣವನ್ನು ಸೂಚಿಸುವ ಪುಟ್ಟ ದೀಪ ಎದುರಿನವರಿಗೆ ನಿಜಕ್ಕೂ ಕಾಣುತ್ತದೆಯೇ ಎಂದು ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗ ಪ್ರಶ್ನಿಸಿತು. ನಂತರದ ಮಾದರಿಯಲ್ಲಿ ದೀಪವನ್ನು ದೊಡ್ಡದು ಮಾಡಿ, ಅದನ್ನು ಮುಚ್ಚಿದರೆ ಚಿತ್ರ ತೆಗೆಯದಂತೆ ರೂಪಿಸಲಾಯಿತು. ಆ ಕನ್ನಡಕ 2025ರ ಮೇ ತಿಂಗಳಲ್ಲಿ 29,900 ರೂಪಾಯಿ ಆರಂಭಿಕ ಬೆಲೆಗೆ ಭಾರತಕ್ಕೂ ಬಂತು. ಆದರೆ ದೀಪದ ಅರ್ಥವೇ ಗೊತ್ತಿಲ್ಲದ ನಮ್ಮ ಅಜ್ಜಿಗೆ ಅದು ಯಾವ ಸೂಚನೆ ಕೊಟ್ಟೀತು?

2024ರಲ್ಲಿ ಹಾರ್ವರ್ಡಿನ ಇಬ್ಬರು ವಿದ್ಯಾರ್ಥಿಗಳು ಇಂಥ ಕನ್ನಡಕಕ್ಕೆ ಮುಖ ಹುಡುಕುವ ತಂತ್ರಾಂಶ ಜೋಡಿಸಿ, ದಾರಿಯಲ್ಲಿ ಸಿಕ್ಕ ಅಪರಿಚಿತರ ಹೆಸರು, ವಿವರ ಪತ್ತೆಯಾಗುವುದನ್ನು ತೋರಿಸಿದರು. ಜನರನ್ನು ಎಚ್ಚರಿಸುವುದೇ ಅವರ ಉದ್ದೇಶವಾಗಿತ್ತು.

ಕಾನೂನು ಎಲ್ಲಿಯವರೆಗೆ?

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಂತೆ ಒಪ್ಪಿಗೆಯಿಲ್ಲದೆ ಒಬ್ಬರ ಗುಪ್ತಾಂಗದ ಚಿತ್ರ ತೆಗೆದರೆ ಅಥವಾ ಹಂಚಿದರೆ 3 ವರ್ಷದವರೆಗೆ ಸಜೆ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ಸ್ತ್ರೀಯರನ್ನು ಅವರ ಏಕಾಂತದಲ್ಲಿ ಇಣುಕಿ ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಂತೆ ಅಪರಾಧ. ಚಿತ್ರ ತೆಗೆಯಲು ಒಪ್ಪಿದವಳು ಅದನ್ನು ಹಂಚಲು ಒಪ್ಪದಿದ್ದರೆ, ಹಂಚಿದವನಿಗೂ ಇದೇ ಕಲಮು ಅನ್ವಯ. ಕಾಸರಗೋಡಾಗಲಿ ಸೊಲ್ಲಾಪುರವಾಗಲಿ, ಕಾನೂನು ಒಂದೇ.

ಆದರೆ ಅದು ತಡೆಯುವುದು ಕೆಟ್ಟದ್ದರಲ್ಲಿ ಕೆಟ್ಟದ್ದನ್ನು ಮಾತ್ರ. ಬಸ್ಸಿನಲ್ಲಿ ನಿದ್ದೆಹೋದ ಹೆಂಗಸು, ಸಾವಿನ ಮನೆಯಲ್ಲಿ ಅಳುವ ಮಗ, ಬಡತನ ಎದ್ದು ಕಾಣುವ ಅಡುಗೆಮನೆ: ಇವನ್ನೆಲ್ಲ ಕಾಯಬೇಕಾದುದು ನಮ್ಮ ಸೌಜನ್ಯ.

ನಾವು ಮಾಡಬಹುದಾದುದು

• ಚಿತ್ರ ತೆಗೆಯುವ ಮುನ್ನ ಕೇಳಿ. ಹಂಚುವ ಮುನ್ನ ಇನ್ನೊಮ್ಮೆ ಕೇಳಿ. ಅವು ಎರಡು ಬೇರೆ ಬೇರೆ ಒಪ್ಪಿಗೆಗಳು.
• ಕ್ಯಾಮೆರಾ ಕನ್ನಡಕ ಧರಿಸಿದವರು ಪರರ ಮನೆ, ಆಸ್ಪತ್ರೆ, ಶಾಲೆ, ಪ್ರಾರ್ಥನಾ ಸ್ಥಳದಲ್ಲಿ ಅದನ್ನು ತೆಗೆದಿಡಲಿ.
• ಮನೆಗೆ ಕ್ಯಾಮೆರಾ ಹಾಕಿಸಿದ್ದರೆ ಮನೆಗೆಲಸದವರಿಗೂ ಅತಿಥಿಗಳಿಗೂ ತಿಳಿಸಿ. ಅದರ ಪಾಸ್‌ವರ್ಡ್ ಬದಲಿಸಿ.
• ಬಾಡಿಗೆ ಕೋಣೆಯಲ್ಲಿ ಹಾಸಿಗೆ, ಸ್ನಾನಗೃಹದ ಕಡೆ ಮುಖಮಾಡಿರುವ ಗಡಿಯಾರ, ಚಾರ್ಜರ್‌ಗಳನ್ನು ಗಮನಿಸಿ. ದೀಪ ಆರಿಸಿ ಟಾರ್ಚ್ ಹಾಯಿಸಿದರೆ ಮಸೂರ ಮಿನುಗಬಹುದು. ಕಂಡರೆ ಅದನ್ನು ಕೀಳದೆ 112ಕ್ಕೆ ಕರೆ ಮಾಡಿ.
• ಮಗಳು ಇಂಥ ತೊಂದರೆ ಹೇಳಿಕೊಂಡರೆ 'ನೀನು ಅಲ್ಲಿಗೆ ಯಾಕೆ ಹೋದೆ?' ಎನ್ನಬೇಡಿ. ತಪ್ಪು ಕದ್ದು ಚಿತ್ರ ತೆಗೆದವರದು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ನೀಡಲು ಅವಳೊಂದಿಗೆ ಕುಳಿತುಕೊಳ್ಳಿ.

ಕ್ಯಾಮೆರಾ ಇನ್ನೂ ಚಿಕ್ಕದಾಗುತ್ತ ಹೋಗಲಿದೆ; ಸದ್ದು, ದೀಪಗಳನ್ನು ಅಡಗಿಸುವವರೂ ಇರುತ್ತಾರೆ. 'ಒಂದು ಫೋಟೋ ತೆಗೆಯಲೇ?' ಎಂದು ಬಾಯಿಬಿಟ್ಟು ಕೇಳುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸೋಣ. 'ಬೇಡ' ಎಂಬ ಉತ್ತರ ಬಂದಾಗ ಬೇಸರಿಸದೆ ಕೈ ಇಳಿಸುವುದನ್ನೂ ಕಲಿಸೋಣ.